ಡಿವಿಡಿಯಲ್ಲಿ ಸಮಯ ಕೊಟ್ಟು ದೃಶ್ಯ ಹುಡುಕಲು ಆಗುತ್ತಿಲ್ಲ (ಪರಿಹಾರವಾಗಿದೆ)

ಪ್ರಶ್ನೆ:
ನಮಸ್ಕಾರ. ನಮ್ಮೂರಿನ ಬಯಲಾಟವನ್ನು ಚಿತ್ರೀಕರಿಸಿದವರು ಡಿವಿಡಿ ಮಾಡಿ ಕೊಟ್ಟಿದ್ದಾರೆ. ನಾನು ಮದ್ದಳೆ ಕಲಿಯುತ್ತಿದ್ದೇನೆ, ಒಡ್ಡೋಲಗದ ಭಾಗವನ್ನು ಮತ್ತೆ ಮತ್ತೆ ನೋಡಬೇಕು. ರಿಮೋಟಿನಲ್ಲಿ ‘ಗೋ ಟು’ ಒತ್ತಿ 40 ನಿಮಿಷ 20 ಸೆಕೆಂಡ್ ಎಂದು ಕೊಟ್ಟರೆ ಪರದೆಯ ಮೂಲೆಯಲ್ಲಿ ಅಡ್ಡ ಹಿಡಿದ ಕೈಯ ಚಿಹ್ನೆ ಬರುತ್ತದೆ. ಚಾಪ್ಟರ್ ಗುಂಡಿ ಒತ್ತಿದರೆ ಐದೈದು ನಿಮಿಷ ಹಾರಿ ಯಾವುದೋ ಪದದ (ಹಾಡಿನ) ನಡುವೆ ನಿಲ್ಲುತ್ತದೆ. ಹಳೆಯ ವಿಸಿಡಿಗಳು ಇದೇ ಪ್ಲೇಯರಿನಲ್ಲಿ ಕೇಳಿದ ಜಾಗಕ್ಕೆ ಹೋಗುತ್ತವೆ. ಪ್ಲೇಯರ್ ಕೆಟ್ಟಿದೆಯೇ?

ಉತ್ತರ 1:
ಪ್ಲೇಯರ್ ಕೆಟ್ಟಿಲ್ಲ, ಲೆನ್ಸ್ ಒರೆಸಲು ಹೋಗಬೇಡಿ. ವಿಸಿಡಿಯಲ್ಲಿ ದತ್ತಾಂಶ ಒಂದೇ ವೇಗದಲ್ಲಿ ಹರಿಯುತ್ತದೆ, ಸೆಕೆಂಡಿಗೆ 75 ಸೆಕ್ಟರ್ (ಡಿಸ್ಕಿನ ಸಣ್ಣ ಸಮಭಾಗ). 40 ನಿಮಿಷ 20 ಸೆಕೆಂಡ್ ಎಂದರೆ 2,420 ಸೆಕೆಂಡ್. ಅದನ್ನು 75ರಿಂದ ಗುಣಿಸಿದರೆ 1,81,500ನೇ ಸೆಕ್ಟರ್. ಲೆಕ್ಕ ಮಾಡಿದರೆ ಜಾಗ ಸಿಕ್ಕಿತು.

ಡಿವಿಡಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಭಾಗವತರು ಕುಳಿತು ಹಾಡುವ ದೃಶ್ಯಕ್ಕೆ ಕಡಿಮೆ, ಯುದ್ಧದ ಕುಣಿತಕ್ಕೆ ಹೆಚ್ಚು ದತ್ತಾಂಶ ಖರ್ಚಾಗಬಹುದು. ಆದ್ದರಿಂದ ಯಾವ ಸಮಯ ಎಲ್ಲಿದೆ ಎಂಬ ಪಟ್ಟಿಯನ್ನು ಡಿಸ್ಕಿನ ವಿವರಗಳಿರುವ ಐಎಫ್‌ಒ ಫೈಲಿನಲ್ಲಿ ಇಡುತ್ತಾರೆ. ಅದಲ್ಲದೆ ವಿಡಿಯೊದ ಪ್ರತಿ ತುಣುಕಿನ ತಲೆಯಲ್ಲಿ ಒಂದು ಸಂಚಾರ ಪ್ಯಾಕ್ ಇರುತ್ತದೆ. ಹಿಂದೆ ಮುಂದೆ ಎಷ್ಟು ದೂರ ಹೋದರೆ ಯಾವ ತುಣುಕು ಸಿಗುತ್ತದೆ ಎಂಬುದು ಅದರಲ್ಲಿರುತ್ತದೆ. ವೇಗವಾಗಿ ಓಡಿಸುವಾಗ ಪ್ಲೇಯರ್ ಓದುವುದು ಇದನ್ನೇ.

ಕೈಯ ಚಿಹ್ನೆ ಬಂದರೆ, ಒಂದೋ ಸಮಯದ ಹುಡುಕಾಟವನ್ನು ಡಿಸ್ಕೇ ನಿಷೇಧಿಸಿದೆ, ಇಲ್ಲವೇ ಆ ಸಮಯಪಟ್ಟಿಯೇ ಇಲ್ಲ. ಪಿಜಿಸಿ ಎಡಿಟ್ ತಂತ್ರಾಂಶದಲ್ಲಿ ಡಿಸ್ಕ್ ತೆರೆದು ನೋಡಿ. ನಿಷೇಧಗಳನ್ನು ಅದು ಪಿಯುಒ (ಬಳಕೆದಾರರಿಗೆ ನಿಷೇಧಿಸಿದ ಕ್ರಿಯೆಗಳು) ಎಂದು ತೋರಿಸುತ್ತದೆ.

ಪ್ರಶ್ನೆ ಕೇಳಿದವರು:
ನೋಡಿದೆ. ಸಮಯದ ಹುಡುಕಾಟಕ್ಕೆ ನಿಷೇಧವಿದೆ, ಚಾಪ್ಟರಿಗೆ ಇಲ್ಲ. ಅಂಗಡಿಯಿಂದ ತಂದ ಬೇರೆ ಡಿವಿಡಿಯಲ್ಲಿ ‘ಗೋ ಟು’ ಕೆಲಸ ಮಾಡುತ್ತದೆ.

ಉತ್ತರ 2:
ಹಾಗಾದರೆ ಸುಲಭ. ಡಿಸ್ಕಿನಲ್ಲಿರುವ ವಿಡಿಯೊ_ಟಿಎಸ್ ಫೋಲ್ಡರನ್ನು ಕಂಪ್ಯೂಟರಿಗೆ ನಕಲು ಮಾಡಿ, ನಿಷೇಧ ತೆಗೆದು, ಹೊಸ ಡಿಸ್ಕಿಗೆ ಬರೆಯಿರಿ. ಐಎಫ್‌ಒದಲ್ಲಿ ಮಾತ್ರವಲ್ಲ, ವಿಒಬಿ ಎಂಬ ವಿಡಿಯೊ ಫೈಲುಗಳ ಒಳಗಿನ ಸಂಚಾರ ಪ್ಯಾಕ್‌ಗಳಲ್ಲಿಯೂ ನಿಷೇಧ ಅಡಗಿರಬಹುದು, ಎರಡನ್ನೂ ತೆಗೆಯಿರಿ. ಮೂಲ ಡಿಸ್ಕ್ ಜೋಪಾನ.

ಆದರೆ ನನ್ನ ಮಾತು ಕೇಳುವುದಾದರೆ ಅಷ್ಟಕ್ಕೇ ನಿಲ್ಲಬೇಡಿ. ಐದು ನಿಮಿಷಕ್ಕೊಂದು ಚಾಪ್ಟರ್ ಕತ್ತರಿಸಿದ್ದು ಯಂತ್ರ. ಅದಕ್ಕೆ ಪ್ರಸಂಗ ಗೊತ್ತಿಲ್ಲ, ನಿಮಗೆ ಗೊತ್ತು. ಡಿವಿಡಿ ಆಥರ್ ಎಂಬ ಉಚಿತ ತಂತ್ರಾಂಶಕ್ಕೆ ಪದಗಳು ಆರಂಭವಾಗುವ ಸಮಯಗಳನ್ನು ಬರೆದು ಕೊಟ್ಟರೆ ಅಲ್ಲಲ್ಲೇ ಚಾಪ್ಟರ್ ಇಡುತ್ತದೆ, ಸಮಯಪಟ್ಟಿಯನ್ನೂ ಹೊಸದಾಗಿ ಬರೆಯುತ್ತದೆ. ವಿಡಿಯೊವನ್ನು ಮತ್ತೆ ಸಂಕುಚಿಸುವುದಿಲ್ಲವಾದ್ದರಿಂದ ಚಿತ್ರ ಮಂಕಾಗುವುದಿಲ್ಲ. ಒಂದು ಟೈಟಲಿಗೆ 99 ಚಾಪ್ಟರ್‌ವರೆಗೆ ಅವಕಾಶವಿದೆ.

ಪ್ರಶ್ನೆ ಕೇಳಿದವರು:
ಹಾಗೆಯೇ ಮಾಡಿದೆ, ಎರಡೂ ಕೆಲಸ ಮಾಡುತ್ತಿವೆ. ತುಂಬಾ ಉಪಕಾರವಾಯಿತು! ಒಂದೇ ಸಂಶಯ: ಕೆಲವು ಚಾಪ್ಟರುಗಳಲ್ಲಿ ಮದ್ದಳೆಯ ಮೊದಲ ಪೆಟ್ಟು ತಪ್ಪಿಹೋಗುತ್ತದೆ.

ಉತ್ತರ 1:
ಚಾಪ್ಟರ್ ಕೂರುವುದು ತಲೆಯಲ್ಲಿ ಸಂಚಾರ ಪ್ಯಾಕ್ ಇರುವ ಆ ತುಣುಕುಗಳ ಆರಂಭದಲ್ಲಿ ಮಾತ್ರ. ತುಣುಕೊಂದು ಸಾಮಾನ್ಯವಾಗಿ 0.4ರಿಂದ 1 ಸೆಕೆಂಡ್ ಉದ್ದ. ತುಣುಕಿನ ನಡುವಿನ ಚಿತ್ರಗಳಲ್ಲಿ ಹೆಚ್ಚಿನವು ಅಕ್ಕಪಕ್ಕದ ಚಿತ್ರಗಳನ್ನು ಆಧರಿಸಿರುತ್ತವೆ, ಅಲ್ಲಿಂದ ನೇರವಾಗಿ ಆರಂಭಿಸಲು ಬರುವುದಿಲ್ಲ. ಆ ಚಾಪ್ಟರುಗಳ ಸಮಯವನ್ನು ಒಂದೊಂದು ಸೆಕೆಂಡ್ ಹಿಂದಕ್ಕೆ ತನ್ನಿ, ಪೆಟ್ಟು ಸಿಗುತ್ತದೆ. ರಿಮೋಟಿನಲ್ಲಿ ‘ಎ-ಬಿ’ ಗುಂಡಿ ಇದ್ದರೆ ಅಭ್ಯಾಸದ ಭಾಗ ತಾನಾಗಿಯೇ ಮರಳಿ ಮರಳಿ ಓಡುತ್ತದೆ.