ಸಹಾಯ ಬೇಕು: ಸಂವಿಧಾನದ 37ನೇ ವಿಧಿಯನ್ನು ಬಿಡಿಸಿ ಹೇಳುವವರು

ಬೆಟಗೇರಿಯಲ್ಲಿ ಭಾನುವಾರ ಸಂಜೆ ನಾವು ಕೆಲವರು ಸೇರಿ ಸಂವಿಧಾನವನ್ನು ಓದುತ್ತಿದ್ದೇವೆ. ಹೆಚ್ಚಿನವರು ನೇಕಾರರು. 43ನೇ ವಿಧಿಯಲ್ಲಿ ಬದುಕಿಗೆ ಸಾಲುವ ಕೂಲಿ, ಗುಡಿ ಕೈಗಾರಿಕೆಗೆ ಉತ್ತೇಜನ ಎಂದು ಕಂಡಾಗ ಮಗ್ಗದವರೆಲ್ಲ ನೆಟ್ಟಗೆ ಕುಳಿತರು. ಆದರೆ ಇದು ಸರ್ಕಾರಕ್ಕೆ ದಾರಿ ತೋರಿಸುವ ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ ಒಂದು; 37ನೇ ವಿಧಿಯ ಪ್ರಕಾರ ಈ ತತ್ವಗಳನ್ನು ಯಾವ ನ್ಯಾಯಾಲಯವೂ ಜಾರಿಗೊಳಿಸುವಂತಿಲ್ಲ. ಆದರೂ ದೇಶದ ಆಡಳಿತಕ್ಕೆ ಇವು ಮೂಲಭೂತವಂತೆ! ಅಲ್ಲಿಂದ ವಾದವೇ ವಾದ. ಇಂಥದೇ ತತ್ವವಾಗಿ 45ನೇ ವಿಧಿಯಲ್ಲಿದ್ದ ಮಕ್ಕಳ ಶಿಕ್ಷಣದ ಆಶಯ 2002ರ 86ನೇ ತಿದ್ದುಪಡಿಯಿಂದ 21ಎ ವಿಧಿಯಾಗಿ ಮೂಲಭೂತ ಹಕ್ಕಾಯಿತಲ್ಲ, ಕೂಲಿಗೂ ಆ ದಾರಿ ಇದೆಯೇ?

ಗದಗ, ಹುಬ್ಬಳ್ಳಿ ಕಡೆಯ ವಕೀಲರು ಅಥವಾ ಕಾನೂನು ವಿದ್ಯಾರ್ಥಿಗಳು ಯಾರಾದರೂ ಒಂದು ಭಾನುವಾರ ಬಂದು, ತೀರ್ಪುಗಳ ಆಧಾರದಲ್ಲಿ ವಿವರಿಸುವಿರಾ? ಭಾಷಣ ಬೇಡ, ನಡುವೆ ಪ್ರಶ್ನೆ ಕೇಳಲು ಬಿಟ್ಟರೆ ಸಾಕು. ಹೊಸ ತಿದ್ದುಪಡಿಗಳಿರುವ ಕನ್ನಡ ಪ್ರತಿ ಇದ್ದರೆ ದಯವಿಟ್ಟು ತನ್ನಿ. ಚಹಾ, ಮಿರ್ಚಿ ನಮ್ಮದು.