ಘನ, ದ್ರವ, ಅನಿಲ: ಮಕ್ಕಳಿಗೆ ಹೇಗೆ ಅರ್ಥ ಮಾಡಿಸಿದಿರಿ? ಅನುಭವ ಹಂಚಿಕೊಳ್ಳಿ

ಪ್ರಶ್ನೆ (ಐದನೇ ತರಗತಿ ಹುಡುಗಿಯ ಅಮ್ಮ):
ನನ್ನ ಮಗಳು ‘ಘನಕ್ಕೆ ನಿರ್ದಿಷ್ಟ ಆಕಾರ ಇದೆ, ದ್ರವ ಪಾತ್ರೆಯ ಆಕಾರ ಪಡೆಯುತ್ತದೆ’ ಅಂತ ಚೆನ್ನಾಗಿ ಬಾಯಿಪಾಠ ಒಪ್ಪಿಸ್ತಾಳೆ. ನಿನ್ನೆ ಡಬ್ಬಿಗೆ ರವೆ ಸುರೀತಿದ್ದೆ. ‘ಅಮ್ಮಾ, ಇದೂ ಡಬ್ಬಿ ಆಕಾರಕ್ಕೇ ಬಂತಲ್ಲ, ಹಾಗಾದ್ರೆ ರವೆ ದ್ರವನಾ?’ ಅಂದಳು. ಗಾಳಿ ಅಂದರೆ ಏನೂ ಇಲ್ಲದ್ದು ಅಂತಲೇ ಅವಳ ನಂಬಿಕೆ. ಮನೆಯಲ್ಲೇ ಮಾಡಿ ತೋರಿಸುವಂಥದ್ದು ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.

ಸಾಗರದ ಕಡೆಯ ಪ್ರಾಥಮಿಕ ಶಾಲೆ ಶಿಕ್ಷಕಿ:
ಇಂಥ ಪ್ರಶ್ನೆ ಕೇಳುವ ಮಗು ಪಾಠವನ್ನು ನಿಜವಾಗಿ ಯೋಚನೆ ಮಾಡ್ತಿದೆ ಅಂತ ಅರ್ಥ. ‘ಅಲ್ಲ, ಘನ’ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ ಅಕ್ಕಾ. ಕಪ್ಪು ಬಟ್ಟೆ ಮೇಲೆ ಒಂದು ಚಿಟಿಕೆ ರವೆ ಉದುರಿಸಿ ಕೈಗೆ ಭೂತಗನ್ನಡಿ ಕೊಡಿ. ಒಂದೊಂದು ಕಾಳೂ ತನ್ನ ಆಕಾರ ಬಿಡದೆ ಕೂತಿರೋದು ಕಾಣುತ್ತೆ. ಆಮೇಲೆ ಒಂದು ತಟ್ಟೆಗೆ ರವೆ, ಇನ್ನೊಂದಕ್ಕೆ ನೀರು ಸುರಿಸಿ. ರವೆ ಗುಡ್ಡೆಯಾಗಿ ನಿಲ್ಲುತ್ತೆ. ನೀರು ಹರಡಿ ಮಟ್ಟವಾಗುತ್ತೆ.

ನಾನು ತರಗತಿಗೆ ಜೋನಿಬೆಲ್ಲ, ಅಚ್ಚುಬೆಲ್ಲ ಎರಡನ್ನೂ ಒಯ್ತೀನಿ. ಜೋನಿಬೆಲ್ಲ ಘನ ಅಂತ ವಾದ ಮಾಡೋರು ಪ್ರತಿ ವರ್ಷ ಇದ್ದೇ ಇರ್ತಾರೆ. ಬಟ್ಟಲನ್ನು ಓರೆಯಾಗಿಟ್ಟು ಸುಮ್ಮನೆ ಕಾಯಲು ಹೇಳ್ತೀನಿ. ಅದು ಮೆಲ್ಲಗೆ ಜಾರಿ ಒಂದು ಕಡೆ ಸೇರಿ ಮಟ್ಟವಾಗುತ್ತೆ. ಎಷ್ಟೇ ನಿಧಾನವಾಗಿ ಹರಿದರೂ ದ್ರವವೇ ಅಂತ ಅವರೇ ತೀರ್ಮಾನಕ್ಕೆ ಬರ್ತಾರೆ. ಆ ವಾದಕ್ಕೆ ಸಮಯ ಕೊಡಬೇಕು, ಅವಸರ ಮಾಡಬಾರದು.

ಆದರೆ ಪಾಠದ ಮುಕ್ಕಾಲು ಹೊತ್ತು ಅನಿಲಕ್ಕೇ ಹೋಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಘನ, ದ್ರವ ಮಕ್ಕಳ ಕೈಗೆ ದಿನಾ ಸಿಗುತ್ತವೆ. ಕಣ್ಣಿಗೆ ಕಾಣದ್ದೂ ಒಂದು ವಸ್ತು ಅಂತ ಒಪ್ಪೋದೇ ಅವರಿಗೆ ಕಷ್ಟ. ಮೆಡಿಕಲ್ ಶಾಪಿಂದ ಸೂಜಿ ಇಲ್ಲದ ಹೊಸ ಸಿರಿಂಜ್ ತನ್ನಿ. ಅರ್ಧದವರೆಗೆ ಗಾಳಿ ಎಳೆದು, ತುದಿಯನ್ನು ಬೆರಳಿಂದ ಬಿಗಿಯಾಗಿ ಮುಚ್ಚಿ, ಹಿಂದಿನ ದಂಡವನ್ನು ಮಗಳೇ ಒತ್ತಲಿ. ಸ್ವಲ್ಪ ದೂರ ಒಳಗೆ ಹೋಗಿ ಆಮೇಲೆ ಬಗ್ಗೋದಿಲ್ಲ, ಕೈ ಬಿಟ್ಟರೆ ಹಿಂದಕ್ಕೆ ಬರುತ್ತೆ. ಈಗ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿ ಹಾಗೇ ಮಾಡಿಸಿ. ಒಂದು ಚೂರೂ ಜಗ್ಗೋದಿಲ್ಲ. ‘ಏನೂ ಇಲ್ಲ ಅಂದ್ರೆ ನನ್ನ ಬೆರಳನ್ನ ತಳ್ಳಿದ್ದು ಯಾರು ಮಿಸ್?’ ಅಂತ ನಮ್ಮ ಹುಡುಗನೊಬ್ಬ ಕೇಳಿದ್ದ. ಆ ಪ್ರಶ್ನೆ ಹುಟ್ಟಿದ ಮೇಲೆ ವ್ಯಾಖ್ಯಾನ ಬರೆಸೋದು ಸುಲಭ.

ಬೆಂಗಳೂರಿನ ಒಬ್ಬ ತಂದೆ:
ಡಿಸೆಂಬರ್ ಬರಲಿ, ಕೊಬ್ಬರಿ ಎಣ್ಣೆ ಬಾಟಲಿಯೇ ಪಾಠ ಮಾಡುತ್ತೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಬೆಳ್ಳಗೆ ಗಟ್ಟಿಯಾಗುತ್ತೆ. ಬೆಳಿಗ್ಗೆ ಗಟ್ಟಿ, ಬಿಸಿಲಿಗಿಟ್ಟರೆ ಮತ್ತೆ ಎಣ್ಣೆ. ಎಣ್ಣೆ ಬೇರೆಯಾಗಲಿಲ್ಲ, ಸ್ಥಿತಿ ಮಾತ್ರ ಬದಲಾಯ್ತು ಅನ್ನೋದು ನನ್ನ ಮಗನಿಗೆ ತಲೆಗೆ ಹಚ್ಚಿಕೊಳ್ಳುವಾಗಲೇ ಹೊಳೀತು.

ನಿವೃತ್ತ ವಿಜ್ಞಾನ ಮೇಷ್ಟ್ರು, ಮೈಸೂರು:
ಮೇಡಂ ಹೇಳಿದ ಸಿರಿಂಜ್ ಪ್ರಯೋಗಕ್ಕೆ ದೊಡ್ಡ ಇತಿಹಾಸ ಇದೆ. ರಾಬರ್ಟ್ ಬಾಯ್ಲ್ ಬಾಗಿದ ಗಾಜಿನ ನಳಿಗೆಗೆ ಪಾದರಸ ಸುರಿದು, ಒಳಗೆ ಸಿಕ್ಕಿಬಿದ್ದ ಗಾಳಿಯನ್ನು ಅಮುಕಿ ಅಳೆದ. ಒತ್ತಡ ಎರಡರಷ್ಟಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ ಎಂಬ ಆ ನಿಯಮ 1662ರಲ್ಲಿ ಪ್ರಕಟವಾಯಿತು. ಮಗುವಿಗೆ ಸೂತ್ರ ಬೇಡ, ಈ ಕಥೆ ಖಂಡಿತ ಹೇಳಿ.

ಗಾಳಿಗೆ ತೂಕ ಇದೆ ಎಂದು ತೋರಿಸಲು ಬಹಳ ಜನ ಕೋಲಿನ ಎರಡು ತುದಿಗೆ ಬಲೂನು ಕಟ್ಟುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಉಬ್ಬಿದ ಬಲೂನನ್ನು ಹೊರಗಿನ ಗಾಳಿ ಮೇಲಕ್ಕೆ ಎತ್ತುವುದರಿಂದ ವ್ಯತ್ಯಾಸ ತೀರಾ ಕಡಿಮೆ, ಹಲವು ಸಲ ಕಾಣುವುದೇ ಇಲ್ಲ. ಅದರ ಬದಲು ಗುಂಡಗೇ ಇದ್ದು ಸ್ವಲ್ಪ ಮೆತ್ತಗಾದ ಫುಟ್‌ಬಾಲನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಪಂಪ್ ಹೊಡೆದು ಬಿಗಿ ಮಾಡಿ ಮತ್ತೆ ತೂಗಿ. ಕೆಲವು ಗ್ರಾಂ ಹೆಚ್ಚಾಗಿರುತ್ತದೆ. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ.

ಇನ್ನು ಹಬೆ. ಪಾತ್ರೆಯಿಂದ ಏಳುವ ಬಿಳಿ ಮೋಡವನ್ನು ತೋರಿಸಿ ‘ಇದೇ ಅನಿಲ’ ಎನ್ನುವುದು ಸರಿಯಲ್ಲ. ಅದು ತಣ್ಣಗಾಗಿ ಮತ್ತೆ ನೀರಾದ ಸಣ್ಣ ಹನಿಗಳು. ಕುಕ್ಕರ್ ಕೂಗುವಾಗ ದೂರದಿಂದ ಗಮನಿಸಿದರೆ ರಂಧ್ರಕ್ಕೂ ಬಿಳಿ ಮೋಡಕ್ಕೂ ನಡುವೆ ಏನೂ ಇಲ್ಲದಂತೆ ಕಾಣುವ ಜಾಗ ಇರುತ್ತದೆ. ಕಾಣದ ಆ ಭಾಗವೇ ನಿಜವಾದ ನೀರಾವಿ, ಭಯಂಕರ ಸುಡುವುದೂ ಅದೇ. ಒಂದು ಟೀ ಚಮಚ ನೀರು ಪೂರ್ತಿ ಆವಿಯಾದರೆ 8 ಲೀಟರಿಗೂ ಹೆಚ್ಚು ಜಾಗ ಬೇಕು. ಕುಕ್ಕರ್ ಯಾಕೆ ಕೂಗುತ್ತದೆ ಎಂಬುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಸಿರಿಂಜ್ ಇವತ್ತೇ ತರಿಸ್ತೀನಿ. ಇನ್ನೊಂದು ಅನುಮಾನ ಮೇಡಂ: ಐಸ್ ಹಾಕಿದ ಲೋಟದ ಹೊರಗೆ ನೀರು ಕೂರುತ್ತಲ್ಲ, ಅದು ಒಳಗಿಂದ ಸೋರಿದ್ದು ಅಂತಾಳೆ.

ಸಾಗರದ ಶಿಕ್ಷಕಿ:
ಒಳಗಿನ ನೀರಿಗೆ ಕುಂಕುಮವೋ ಬಣ್ಣವೋ ಕಲಸಿ, ಹೊರಗಿನ ಹನಿಯನ್ನು ಬಿಳಿ ಕಾಗದದಿಂದ ಒರೆಸಲು ಹೇಳಿ. ಕಾಗದಕ್ಕೆ ಬಣ್ಣ ಹತ್ತೋದಿಲ್ಲ. ಹಾಗಾದರೆ ಈ ನೀರು ಎಲ್ಲಿಂದ ಬಂತು ಅಂತ ನೀವೇ ಕೇಳಿ, ಉತ್ತರ ಮಾತ್ರ ತಕ್ಷಣ ಹೇಳಬೇಡಿ. ಗಾಳಿಯಲ್ಲಿ ನೀರಾವಿ ಇದೆ ಅನ್ನೋ ಕಡೆಗೆ ಅವಳೇ ಬರಲಿ.

ಘನ ನೇರವಾಗಿ ಅನಿಲ ಆಗೋದನ್ನು ತೋರಿಸೋಕೆ ಕರ್ಪೂರ ಇದೆ, ತಟ್ಟೆಯಲ್ಲಿ ತೆರೆದಿಟ್ಟರೆ ದಿನ ಕಳೆದಂತೆ ಸಣ್ಣದಾಗುತ್ತೆ. ಆದರೆ ಕರ್ಪೂರವಾಗಲಿ ನುಸಿಗುಳಿಗೆಯಾಗಲಿ ಬಾಯಿಗೆ ಹೋದರೆ ವಿಷ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಎತ್ತರದ ಶೆಲ್ಫಿನಲ್ಲೇ ಇಡಿ.