ಸಹಾಯ ಬೇಕು: ಫಾಂಗ್‌ನಾ ಸ್ಕೈವಾಕ್‌ಗೆ ಮಂಡಿನೋವಿರುವ ಅಮ್ಮನನ್ನು ಕರೆದೊಯ್ಯಬಹುದೇ?

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ನಾನು ಮತ್ತು 68 ವರ್ಷದ ನನ್ನ ತಾಯಿ ಬೆಂಗಳೂರಿನಿಂದ ಥಾಯ್ಲೆಂಡ್‌ನ ಫುಕೆಟ್‌ಗೆ ಹೊರಟಿದ್ದೇವೆ. ಅಲ್ಲಿಂದ ಸೇತುವೆ ದಾಟಿ, ಫಾಂಗ್‌ನಾ ಕೊಲ್ಲಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳನ್ನೂ ಸಮುದ್ರದಿಂದ ನೆಟ್ಟಗೆ ಎದ್ದು ನಿಂತ ಸುಣ್ಣಕಲ್ಲಿನ ಬಂಡೆಗಳನ್ನೂ ಮೇಲಿನಿಂದ ತೋರಿಸುವ ಗಾಜಿನ ಸ್ಕೈವಾಕ್ ನೋಡಬೇಕೆಂಬುದು ಅಮ್ಮನ ಆಸೆ.

ಕಳೆದ ವರ್ಷ ಹೊನ್ನಾವರದ ಕಾಂಡ್ಲಾ ಕಾಡಿನ ಮರದ ನಡಿಗೆ ಹಾದಿಯಲ್ಲಿ ಅವರು ಆರಾಮವಾಗಿ ನಡೆದರು. ಆದರೆ ಅದು ಸಮತಟ್ಟು. ಲಾಲ್‌ಬಾಗ್ ಬಂಡೆಯನ್ನು ಹತ್ತುವಾಗ ಮಾತ್ರ ಎರಡು ಕಡೆ ಕೂರಲೇಬೇಕು.

ಇಲ್ಲಿನ ಟ್ರಾವೆಲ್ ಏಜೆಂಟರೊಬ್ಬರನ್ನು ವಿಚಾರಿಸಿದರೆ, ಅವರು ದೋಣಿ ಪ್ರವಾಸದ ಪ್ಯಾಕೇಜನ್ನೇ ಮತ್ತೆ ಮತ್ತೆ ವಿವರಿಸಿದರು. ವಿಡಿಯೋಗಳನ್ನೂ ನೋಡಿದೆ. ಎಲ್ಲರೂ ಗಾಜಿನ ಮೇಲೆ ನಿಂತೇ ಚಿತ್ರೀಕರಣ ಆರಂಭಿಸುತ್ತಾರೆಯೇ ಹೊರತು, ಅಲ್ಲಿಗೆ ತಲುಪಿದ ದಾರಿಯನ್ನು ಯಾರೂ ತೋರಿಸುವುದಿಲ್ಲ! ಹತ್ತಿರದ ಸಮೆತ್ ನಾಂಗ್ಶೆ ವೀಕ್ಷಣಾ ಸ್ಥಳಕ್ಕೆ ಗುಡ್ಡದ ಬುಡದಿಂದ ಪಿಕಪ್ ವಾಹನದಲ್ಲಿ ಕರೆದೊಯ್ಯುತ್ತಾರೆಂದು ತಿಳಿದಿದೆ. ನನ್ನ ಗೊಂದಲವಿರುವುದು ಸ್ಕೈವಾಕ್ ಬಗ್ಗೆ.

ಹೋಗಿಬಂದವರು ದಯವಿಟ್ಟು ತಿಳಿಸಿ: ವಾಹನ ನಿಲ್ಲುವ ಜಾಗದಿಂದ ಗಾಜಿನ ಹಾದಿಯವರೆಗೆ ಎಷ್ಟು ಮೆಟ್ಟಿಲುಗಳಿವೆ, ಮತ್ತು ಮೆಟ್ಟಿಲು ಹತ್ತಲಾಗದವರಿಗೆ ಬೇರೆ ವ್ಯವಸ್ಥೆ ಇದೆಯೇ?